ಹಳದಿ ಗುಳಿಗೆಯೂ ನನ್ನ ಒಂಟಿ ಕಣ್ಣೂ

ನನಗೆ ಮೊದಲು ಬಂದದ್ದು ಮೈ, ಕಣ್ಣು ಬಂದದ್ದು ಆಮೇಲೆ. ಅಂಬಾಲದ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ ಹಿತ್ತಾಳೆಯ ಕೊಳವೆಗೆ ಕಪ್ಪು ಬಣ್ಣ ಬಳಿದು, ಎರಕದ ಕಬ್ಬಿಣದ ಪಾದಕ್ಕೆ ಜೋಡಿಸಿ, ನನ್ನಂಥ ಹಲವರನ್ನು ಅಂಗಳದಲ್ಲಿ ಸಾಲಾಗಿ ಒಣಗಲು ನಿಲ್ಲಿಸಿದ್ದರು. ಕೆಲವು ದಿನ ನಾವು ಕುರುಡರಾಗಿಯೇ ನಿಂತಿದ್ದೆವು. ಬಳಿಕ ಕನ್ನಡಕದ ಮುದುಕನೊಬ್ಬ ಗಾಜಿನ ಬಿಲ್ಲೆಗಳನ್ನು ತಿಕ್ಕಿ ತಿಕ್ಕಿ ಹೊಳಪು ಮಾಡಿ ನನ್ನೊಳಗೆ ಕೂರಿಸಿದ. ಪರೀಕ್ಷೆಗೆಂದು ಈರುಳ್ಳಿಯ ಒಂದು ಪೊರೆಯನ್ನು ನನ್ನ ಕೆಳಗಿಟ್ಟು ಬಗ್ಗಿ ನೋಡಿ, "ಠೀಕ್ ಹೈ" ಎಂದ. ನನ್ನ ನಾಮಕರಣ ಅಷ್ಟೇ.

ನಾನು ಸೂಕ್ಷ್ಮದರ್ಶಕ, ಒಂದೇ ಕಣ್ಣಿನದು. ಕನ್ನಡಿ ತಿರುಗಿಸಿ ಕಿಟಕಿಯ ಬೆಳಕನ್ನು ಒಳಗೆ ಬಿಟ್ಟುಕೊಂಡರೆ, ಕಾಣದ್ದು ನನ್ನಲ್ಲಿ ಕಾಣುತ್ತದೆ.

ಹುಬ್ಬಳ್ಳಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ನನ್ನ ಯೌವನ ಕಳೆಯಿತು. ಹುಡುಗರು ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಮುಚ್ಚಿಕೊಂಡು ನೋಡುತ್ತಿದ್ದರು. ತಮ್ಮದೇ ರೆಪ್ಪೆಯ ಕೂದಲನ್ನು ಕಂಡು, ಹೊಸ ಹುಳ ಸಿಕ್ಕಿತೆಂದು ಕೂಗಿದವರೂ ಇದ್ದರು. ಅವರಲ್ಲಿ ಇಂದುಮತಿ ಗೋಗಿ ಎಂಬ ಹುಡುಗಿ ಮಾತ್ರ ಊಟದ ಹೊತ್ತಿನಲ್ಲೂ ನನ್ನ ಮುಂದೆ ಕೂತಿರುತ್ತಿದ್ದಳು. ಎರಡು ಕಣ್ಣಿನ, ವಿದ್ಯುದ್ದೀಪದ ಹೊಸ ಯಂತ್ರಗಳು ಬಂದು ನಮ್ಮನ್ನು ಹರಾಜಿಗಿಟ್ಟಾಗ ಆಕೆ ಡಾಕ್ಟರಾಗಿದ್ದಳು. ಸುದ್ದಿ ಕೇಳಿ ಬಂದಳು, ಸಾಲಿನಲ್ಲಿ ಹುಡುಕಿ ನನ್ನನ್ನೇ ಎತ್ತಿಕೊಂಡಳು. ಹುಬ್ಬಳ್ಳಿಯಿಂದ ಗುಳೇದಗುಡ್ಡದವರೆಗೆ ಬಸ್ಸಿನಲ್ಲಿ ಆಕೆಯ ತೊಡೆಯ ಮೇಲೇ ನನ್ನ ಪ್ರಯಾಣ. ಪಕ್ಕದಲ್ಲಿ ಕುಳಿತ ಹೆಂಗಸು, "ಹೊಲಿಗಿ ಮಷೀನೇನ್ರೀ?" ಎಂದು ಕೇಳಿದ್ದಳು.

ಗುಳೇದಗುಡ್ಡ ನೇಕಾರರ ಊರು. ಕುಪ್ಪಸದ ಖಣಕ್ಕೆ ಹೆಸರಾದದ್ದು. ಓಣಿಗೆ ಕಾಲಿಟ್ಟರೆ ಸಾಕು, ಮನೆಮನೆಯಿಂದ ಮಗ್ಗದ ಲಟಪಟ ಸದ್ದು. ಅಲ್ಲಿನ ಇಂದುಮತಿ ಡಾಕ್ಟರ ಸಣ್ಣ ಆಸ್ಪತ್ರೆಯಲ್ಲಿ ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಹಾಗಾಗಿ ರಕ್ತವನ್ನು ಕಣ್ಣಿಂದ ಕಂಡೆ, ಅದರ ಒಡೆಯರ ಕಥೆಯನ್ನು ಕಿವಿಯಿಂದ ಕೇಳಿದೆ. ನನ್ನ ಜೊತೆಗಾರ ಪ್ರಯೋಗಾಲಯದ ಇಮಾಮಸಾಬ ಜಮಾದಾರ; ಹಲಗೆಯ ಆಚೆ ನಾನು ಕಾಣದ್ದನ್ನು ಅವರು ಸ್ಲೈಡ್ ಒರೆಸುತ್ತ ಹೇಳಿಕೊಳ್ಳುತ್ತಿದ್ದರು. ಬೆರಳು ಚುಚ್ಚುವ ಮೊದಲು ದೊಡ್ಡವರಿಗೂ ಮಕ್ಕಳಿಗೂ "ಇರಿವಿ ಕಡದಂಗ, ಅಷ್ಟ" ಎನ್ನುವುದು ಅವರ ರೂಢಿ.

ಬನಶಂಕರಿ ಬಂದದ್ದು ಒಂದು ಮುಂಜಾನೆ. ಎಲ್ಲರೂ ಅವಳನ್ನು ಬನವ್ವ ಅನ್ನುತ್ತಿದ್ದರು. ಇನ್ನೂ ಎಳೆಯ ವಯಸ್ಸು, ಆದರೆ ಹೊರಗಿನ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಏನಾಗೇತಿ ತಂಗಿ?" ಡಾಕ್ಟರ ದನಿ.

"ತ್ರಾಣ ಇಲ್ಲರೀ ಬಾಯಾರ. ಮಗ್ಗದಾಗ ಕುಂತ್ರ ಎದಿ ಡವಡವ ಅಂತೈತಿ. ಬಾಯಾಗ ಹುಣ್ಣು. ಚಟ್ನಿ ರೊಟ್ಟಿ ಸೈತ ಉರೀತಾವ್ರಿ."

"ನಾಲಿಗಿ ತೋರ್ಸು. ಅಯ್ಯ, ಕೆಂಪಗ ನುಣ್ಣಗ ಆಗಿಬಿಟ್ಟೈತಲ್ಲ! ಇಮಾಮಸಾಬ್ರ, ಈಕೀದು ಒಂದ್ ಸ್ಲೈಡ್ ಮಾಡ್ರಿ."

ಇಮಾಮಸಾಬರು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ತೊಳೆದು, ಒಣಗಿಸಿ ನನ್ನ ಕೆಳಗಿಟ್ಟರು. ಆ ಊರಿನಲ್ಲಿ ನಾನು ಬಹಳ ಮಂದಿಯ ಬಡಕಲು ರಕ್ತ ಕಂಡಿದ್ದೆ. ಕಬ್ಬಿಣದಂಶ ಸಾಲದವರ ಕೆಂಪುಕಣ ಸಣ್ಣದಾಗಿ ನಡುವೆ ಬಿಳಿಚಿಕೊಂಡಿರುತ್ತದೆ. ಬನವ್ವನದು ಹಾಗಿರಲಿಲ್ಲ. ಕಣಗಳು ವಿರಳ, ಆದರೆ ಒಂದೊಂದೂ ದೊಡ್ಡದು, ಮೊಟ್ಟೆಯ ಆಕಾರ. ಬಿಳಿಕಣಗಳ ನಡುವಿನ ನೀಲಿ ಬೀಜ ಮೂರು ನಾಲ್ಕು ತುಂಡಾಗಿ ಇರಬೇಕಾದದ್ದು ಆರೇಳು ತುಂಡಾಗಿ ಮಣಿಸರದಂತೆ ಕಾಣುತ್ತಿತ್ತು. ಡಾಕ್ಟರು ಬಂದು ಕೂತವರು ಬಹಳ ಹೊತ್ತು ಏಳಲಿಲ್ಲ. ಅವರ ಉಸಿರು ನನ್ನ ಕೊಳವೆಗೆ ಬೆಚ್ಚಗೆ ತಾಗುತ್ತಿತ್ತು.

ಹಲಗೆಯ ಆಚೆ ಹೋಗಿ ಅವರು ಕೇಳಿದ ಮೊದಲ ಪ್ರಶ್ನೆ ಊಟದ್ದು.

"ತೊಪ್ಪಲಪಲ್ಲೆ ಏನೇನು ತಿಂತಿ?"

"ಬಾಯಿ ಉರೀತೈತ್ರಿ, ಬರೇ ರೊಟ್ಟಿ ಹಾಲಿನ್ಯಾಗ ನೆನಸಿ ತಿಂತೀನ್ರಿ. ಮೊದಲ ಪುಂಡಿ, ರಾಜಗಿರಿ ಎಲ್ಲಾ ತಿಂತಿದ್ದೆ."

ಎರಡನೆಯದು ಮಕ್ಕಳದ್ದು. ಬನವ್ವ ಸಣ್ಣ ದನಿಯಲ್ಲಿ ಹೇಳಿದಳು. ಹೋದ ವರ್ಷ ಒಂದು ಗಂಡು ಹುಟ್ಟಿತ್ತು. ಬೆನ್ನಿನ ನಡುವೆ ತೆರೆದೇ ಹುಟ್ಟಿತ್ತು. ಸಂಜೆಯವರೆಗೂ ಉಳಿಯಲಿಲ್ಲ. "ಗ್ರಹಣದಾಗ ನಾ ಮಗ್ಗದ ಮ್ಯಾಲ ಎಳಿ ಕತ್ತರಿಸಿದ್ನಿರೀ. ಅದಕ್ಕ ಹಂಗಾತು ಅಂತ ನಮ್ಮತ್ತಿ ಅಂತಾರ."

ಡಾಕ್ಟರು ಮೂರನೆಯದನ್ನು ಮೆಲ್ಲಗೆ ಕೇಳಿದರು. "ಬನವ್ವಾ, ನೀ ದಿನಾ ಯಾವುದಾರ ಗುಳಿಗಿ ತಗೋತಿ ಏನು?"

ಬನವ್ವ ಎದ್ದು ಬಾಗಿಲು ಮುಂದೆ ಮಾಡಿದಳು. ಹೊರಗೆ ಯಾರೋ ಕೆಮ್ಮಿದರು.

"ನಿನ್ನ ರಕ್ತ ಹೇಳಾಕತ್ತೈತಿ ತಂಗಿ. ನಾ ಯಾರಿಗೂ ಹೇಳಂಗಿಲ್ಲ."

ಆಗ ಅವಳು ಅತ್ತಳು. ಹನ್ನೆರಡರ ವಯಸ್ಸಿನಿಂದ ಅವಳಿಗೆ ಮೂರ್ಛೆ ಬರುತ್ತಿತ್ತು. ಮಾತ್ರೆ ತೆಗೆದುಕೊಂಡರೆ ಬರುತ್ತಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ತವರಿನವರು ಅದನ್ನು ಬಾಯಿ ಬಿಡಲಿಲ್ಲ. ಕಮತಗಿಯಿಂದ ಅವಳ ತಾಯಿ ಬಂದಾಗಲೆಲ್ಲ ಸೀರೆಯ ಮಡಿಕೆಯಲ್ಲಿ ಮಾತ್ರೆ ತರುವಳು. ಬನವ್ವ ಅವನ್ನು ನೂಲು ಸುತ್ತಿದ ಕಂಡಿಕೆಗಳ ಡಬ್ಬಿಯ ತಳದಲ್ಲಿ ಬಚ್ಚಿಡುವಳು. ಗಂಡನಿಗೂ ಗೊತ್ತಿಲ್ಲ.

ನರ ಕೆಟ್ಟಿದೆಯೇ ಎಂದು ನೋಡಲು ಡಾಕ್ಟರು ಅವಳ ಕಾಲ್ಬೆರಳಿಗೆ ಕಂಪಿಸುವ ಒಂದು ಉಕ್ಕಿನ ಕವಲು ತಾಗಿಸಿ "ಝುಂ ಅಂತೈತೇನು?" ಎಂದು ಕೇಳಿದರು. ಕಣ ಹೀಗೆ ಉಬ್ಬುವುದು ಸೊಪ್ಪಿನಲ್ಲಿರುವ ಫೋಲಿಕ್ ಆಮ್ಲ ಎಂಬ ಜೀವಸತ್ವ ಸಾಲದಿದ್ದಾಗ. ಆದರೆ ಬಿ-ಹನ್ನೆರಡು ಎಂಬ ಇನ್ನೊಂದು ಜೀವಸತ್ವ ಕಡಿಮೆಯಾದರೂ ಕಣಗಳು ಹೀಗೇ ದೊಡ್ಡದಾಗುತ್ತವೆ. ಅದು ಸಾಲದವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತವೇನೋ ಸುಧಾರಿಸುತ್ತದೆ, ನರಗಳು ಒಳಗೊಳಗೇ ಕೆಡುತ್ತ ಹೋಗುತ್ತವೆ. ಅದಕ್ಕೇ ಅವರು ಅವಸರ ಮಾಡಲಿಲ್ಲ. ರಕ್ತವನ್ನು ಹುಬ್ಬಳ್ಳಿಗೆ ಕಳಿಸಿದರು. ಬಿ-ಹನ್ನೆರಡು ಸರಿಯಾಗಿಯೇ ಇತ್ತು. ಫೋಲಿಕ್ ಆಮ್ಲ ತಳ ಕಂಡಿತ್ತು. ಮೂರ್ಛೆಯ ಆ ಹಳೆಯ ಮಾತ್ರೆ ವರ್ಷಗಟ್ಟಲೆ ಅದನ್ನು ಕರಗಿಸುತ್ತ ಬಂದಿತ್ತು. ಹೋದ ವರ್ಷದ ಬಸಿರು ಅದನ್ನು ಇನ್ನಷ್ಟು ಎಳೆದುಕೊಂಡಿತ್ತು. ಉರಿಯುವ ಬಾಯಿ ಸೊಪ್ಪನ್ನು ದೂರ ಮಾಡಿತ್ತು.

ಎರಡನೆಯ ಸಲ ಬಂದಾಗ ಡಾಕ್ಟರು ಫೋಲಿಕ್ ಆಮ್ಲದ ಹಳದಿ ಗುಳಿಗೆ ಕೊಟ್ಟು ಎಲ್ಲವನ್ನೂ ಬಿಡಿಸಿ ಹೇಳಿದರು. "ಮೂರ್ಛಿ ಗುಳಿಗಿ ನಿನ್ನಷ್ಟಕ್ಕ ನೀ ಬಿಡಬ್ಯಾಡ. ಹುಬ್ಬಳ್ಳಿ ನರದ ಡಾಕ್ಟರು ನೋಡಿ ಬ್ಯಾರೆ ಗುಳಿಗಿ ಕೊಡ್ತಾರ, ಹಳೇದನ್ನ ನಿಧಾನಕ ಇಳಸ್ತಾರ. ಮುಂದಿನ ಸಲ ಬರೂ ಮುಂದ ಗಂಡನ್ನ ಕರ್ಕೊಂಡು ಬಾ."

ಬನವ್ವ ಹೂಂ ಎಂದಳು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅವಳ ತಲೆಯಲ್ಲಿ ಉಳಿದದ್ದು ಒಂದೇ ಮಾತು. ಕೂಸು ಹಾಗಾದದ್ದರಲ್ಲಿ ಆ ಮಾತ್ರೆಯ ಪಾಲೂ ಇರಬಹುದು. ಇದನ್ನು ಅವಳೇ ಮುಂದೆ ಹೇಳಿದ್ದು. ಅವತ್ತೇ ಕಂಡಿಕೆ ಡಬ್ಬಿಯ ತಳದ ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದಳು.

ಕೆಲವೇ ದಿನಗಳಲ್ಲಿ ಮಾಗುಂಡಪ್ಪ ಅವಳನ್ನು ಎತ್ತಿಕೊಂಡು ಓಡಿಬಂದ. ಅವಳ ಗಂಡ. ತೋಳಿನ ತುಂಬ ನೂಲಿನ ಬಣ್ಣ, ಕಾಲಲ್ಲಿ ಚಪ್ಪಲಿ ಇಲ್ಲ. ಬನವ್ವ ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗೆ ಬಿದ್ದು ಹೊರಳಾಡಿದ್ದಳು. ಹಣೆ ಒಡೆದಿತ್ತು. ಹಿಂದೆಯೇ ಬಂದ ಅತ್ತೆ ನಾಗವ್ವ ಬಾಗಿಲಲ್ಲೇ ಕುಸಿದು, "ದೆವ್ವ ಬಡದೈತ್ರೀ, ಕೂಸು ಹ್ವಾದಾಗ ಬಡದೈತಿ" ಎಂದು ಗೋಳಿಡುತ್ತಿದ್ದಳು. ಇಮಾಮಸಾಬರು ಓಡಿಹೋಗಿ ಬನವ್ವನನ್ನು ಮಗ್ಗುಲಿಗೆ ಮಲಗಿಸಿದರು. ಡಾಕ್ಟರು ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಬನವ್ವ ಕಣ್ಣು ಬಿಟ್ಟಳು. ಮೊದಲು ನೋಡಿದ್ದು ಗಂಡನ ಮುಖ. ನೋಡಿ ಕಣ್ಣು ಮುಚ್ಚಿಕೊಂಡಳು.

"ನೀ ಹೇಳ್ತಿಯೋ, ನಾ ಹೇಳ್ಲೋ?" ಡಾಕ್ಟರು ಅವಳ ಕಿವಿಯ ಹತ್ತಿರ ಕೇಳಿದರಂತೆ.

ಅವಳೇ ಹೇಳಿದಳು. ಮಾಗುಂಡಪ್ಪ ಮಂಚದ ಹತ್ತಿರ ಬಂದ.

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ತವರಿಗೆ ಕಳಸ್ತಿದ್ರಿ."

"ಕಳಸ್ತಿದ್ದೆ ಅಂತ ನಿನಗ ಯಾರು ಹೇಳಿದ್ರು?" ಎಂದವನ ದನಿ ಏರಿತು. ಏರಿದ್ದು ಹಾಗೇ ಇಳಿಯಿತು. "ಕಳಸ್ತಿದ್ನೋ ಏನೋ. ಆವಾಗ ನನಗ ಏನ್ ತಿಳೀತಿತ್ತು?"

ನಾಗವ್ವ ಮಾತ್ರ ಬಿಡಲಿಲ್ಲ. "ಮೂರ್ಛಿರೋಗದಾಕಿ. ಗ್ರಹಣದಾಗ ಎಳಿ ಬ್ಯಾರೆ ಕಡದಾಳ. ನಮ್ಮ ಮನಿತನ ಬೆಳಿಯಾಂಗಿಲ್ಲ."

"ಯವ್ವಾ ನಾಗವ್ವಾರ, ಗ್ರಹಣ ಹಿಡದಾಗ ಸೊಸಿಗೆ ಎಷ್ಟನೇ ತಿಂಗಳದಾಗ ಬಿದ್ದಿತ್ತು?" ಡಾಕ್ಟರು ಕೇಳಿದರು.

"ಏಳರಾಗ."

"ಕೂಸಿನ ಬೆನ್ನು ಕೂಡೂದು ಮೊದಲನೇ ತಿಂಗಳದಾಗ. ಮೊದಲು ಎಲಿ ಹಾಸಿದಂಗ ಸಪಾಟ ಇರ್ತೈತಿ. ಎರಡೂ ಅಂಚು ಎದ್ದು ಕೂಡಿ ಕೊಳವಿ ಆಗತೈತಿ. ಅದ ಮುಂದ ಮಿದುಳು, ಬೆನ್ನುಹುರಿ. ಮುಟ್ಟು ನಿಂತದ್ದು ತಿಳಿಯೂದರಾಗ ಆ ಕೆಲಸ ಮುಗದಿರ್ತೈತಿ. ಏಳನೇ ತಿಂಗಳದಾಗ ಕಡದ ಎಳಿಗೆ, ಮೊದಲನೇ ತಿಂಗಳದಾಗ ಕೂಡದ ಬೆನ್ನಿಗೆ ಏನು ಸಂಬಂಧ?"

ಉತ್ತರ ಕೊಟ್ಟದ್ದು ಬನವ್ವ. "ಹಂಗಾರ ಗುಳಿಗೀನ ಕೊಂದಿದ್ದು. ನುಂಗಿದಾಕಿ ನಾನ ಅಲ್ಲೇನ್ರಿ?"

ಡಾಕ್ಟರು ಕುರ್ಚಿ ಎಳೆದು ಅವಳ ಪಕ್ಕ ಕುಳಿತ ಸದ್ದು ನನಗೆ ಕೇಳಿಸಿತು. "ಅದ ಒಂದ ಕಾರಣ ಅಂತ ಯಾರೂ ಹೇಳಾಕ ಬರಂಗಿಲ್ಲ. ಆ ಗುಳಿಗಿ ಇಲ್ಲದಿದ್ರ ಎಂದೋ ಒಲಿಯಾಗ ಬಿದ್ದಿರ್ತಿದ್ದಿ. ಅದು ನಿನ್ನ ಕಾದೈತಿ. ಅದರ ಜೋಡಿ ಇನ್ನೊಂದು ಗುಳಿಗಿ ಬೇಕಿತ್ತು, ಅದನ್ನ ಯಾರೂ ನಿನಗ ಹೇಳ್ಲಿಲ್ಲ. ತಪ್ಪು ನಿಂದಲ್ಲ."

ಆಮೇಲೆ ಅವರು ಮಾಗುಂಡಪ್ಪನನ್ನು ನನ್ನ ಕೋಣೆಗೆ ಕರೆತಂದರು. ಅವನದೂ ಒಂದು ಹನಿ ರಕ್ತ ತೆಗೆಸಿದರು. "ಇರಿವಿ ಕಡದಂಗ" ಎಂದರು ಇಮಾಮಸಾಬರು. ಮೊದಲು ಅವನ ಸ್ವಂತ ರಕ್ತ, ಆಮೇಲೆ ಹೆಂಡತಿಯದು. ಅವನ ಕಣ್ಣು ನನ್ನ ಕಣ್ಣಿಗೆ ತಾಗಿ ಕುಳಿತಿತು. ಅಂಥ ಕಣ್ಣು ನನಗೆ ಮತ್ತೆ ಸಿಕ್ಕಿಲ್ಲ. ಜರಿಯ ಅಂಚಿನಲ್ಲಿ ಒಂದೆಳೆ ತಪ್ಪಿದರೂ ಹಿಡಿಯುವ ಕಣ್ಣು ಅದು.

"ನನ್ನವು ಸಣ್ಣವು, ಒತ್ತೊತ್ತಾಗಿ ಅದಾವು. ಆಕಿವು ದೊಡ್ಡವು. ದೊಡ್ಡವು ಇದ್ರ ಚಲೋ ಅಲ್ಲೇನ್ರಿ?"

"ಅಲ್ಲ. ಒಂದು ಕಣ ಎರಡಾಗಬೇಕಂದ್ರ ತನ್ನೊಳಗಿನ ದಾರಾ ಪೂರಾ ಇನ್ನೊಂದು ಸಲ ನೇಯಬೇಕು. ಅದಕ್ಕ ಬೇಕಾದ ಸಣ್ಣ ಸಣ್ಣ ಚೂರು ಹೊತ್ತು ತರೂ ಹಮಾಲ ಈ ಫೋಲಿಕ್ ಆಮ್ಲ. ಹಮಾಲ ಬರಲಿಲ್ಲಂದ್ರ?"

"ನೂಲಿಲ್ಲ. ಮಗ್ಗ ನಿಂತತು."

"ದಾರದ ಕೆಲಸ ನಿಂತತು, ಮೈ ಬೆಳಿಯೂದು ನಿಲ್ಲಲಿಲ್ಲ. ಅದಕ್ಕ ಕಣ ಉಬ್ಬತೈತಿ, ಒಡದು ಎರಡಾಗಂಗಿಲ್ಲ. ರಕ್ತ, ನಾಲಿಗಿ, ಹೊಟ್ಟಿಯಾಗಿನ ಕೂಸು, ಎಲ್ಲೆಲ್ಲಿ ಹೊಸಾ ಕಣ ಗಡಬಡಿಲೆ ಹುಟ್ಟಬೇಕೋ ಅಲ್ಲೆ ಮೊದಲು ಪೆಟ್ಟು ಬೀಳತೈತಿ. ಬಿ-ಹನ್ನೆರಡು ಇಲ್ಲಂದ್ರೂ ಹಿಂಗ. ಹಮಾಲ ಇರ್ತಾನ, ತಲಿ ಮ್ಯಾಲಿನ ಹೊರಿ ಇಳಸಾಕ ಯಾರೂ ಇರಂಗಿಲ್ಲ."

ಮಾಗುಂಡಪ್ಪ ಮತ್ತೆ ಬಗ್ಗಿ ಹೆಂಡತಿಯ ರಕ್ತ ನೋಡಿದ. "ಇಷ್ಟು ತ್ರಾಸಿನ್ಯಾಗ ಈಕಿ ದಿನಾ ಖಣ ನೇದಾಳ್ರೀ," ಎಂದ. ನನ್ನ ಕಣ್ಣಿನ ಗಾಜು ಒದ್ದೆಯಾಯಿತು. ಆ ನೀರು ನನ್ನದಲ್ಲ.

ಮಾರನೆಯ ವಾರವೇ ಅವನು ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ನರರೋಗದ ಡಾಕ್ಟರು ಹೊಸ ಮಾತ್ರೆ ಶುರುಮಾಡಿ ಹಳೆಯದನ್ನು ಹಂತಹಂತವಾಗಿ ಇಳಿಸಿದರು. ಹಳದಿ ಗುಳಿಗೆ ದಿನವೂ ನಡೆಯಿತು. ಗಂಡ ಹೆಂಡತಿ ತೋರಿಸಲು ಬಂದಾಗ ಇಮಾಮಸಾಬರು ಬೇರೊಂದು ಬಣ್ಣ ಹಾಕಿ ಸ್ಲೈಡ್ ಮಾಡಿದರು. ನನ್ನ ಕೆಳಗೆ ಎಳೆಯ ಕೆಂಪುಕಣಗಳು ಗುಂಪುಗುಂಪಾಗಿ ಇದ್ದವು. ಮೂಳೆಯೊಳಗಿನಿಂದ ಆಗಷ್ಟೇ ಹೊರಬಂದವು, ಮೈಯಲ್ಲಿ ಇನ್ನೂ ನೀಲಿ ಬಲೆಯ ಗುರುತು. ನಿಂತ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದ ಹಾಗೆ. ಇಮಾಮಸಾಬರು ಡಾಕ್ಟರನ್ನು ಕೂಗಲಿಲ್ಲ. ಓಡಿಹೋಗಿ ಕೈಹಿಡಿದು ಎಳೆದುಕೊಂಡೇ ಬಂದರು.

ಅಲ್ಲಿಂದ ಬನವ್ವನ ರಕ್ತ ಕೆಂಪೇರುತ್ತ ಹೋಯಿತು. ನಾಲಿಗೆಗೆ ರುಚಿ ಬಂತು. ವಿಚಿತ್ರವೆಂದರೆ ಸೊಪ್ಪು ತರುವ ಕೆಲಸ ಹಿಡಿದದ್ದು ನಾಗವ್ವ. ಫೋಲಿಕ್ ಎಂಬ ಹೆಸರೇ ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು ಎಂದು ಡಾಕ್ಟರು ಒಮ್ಮೆ ಹೇಳಿದ್ದರು. "ನಮ್ಮ ಬನಶಂಕರಿ ತಾಯಿ ಶಾಕಾಂಬರಿ. ಪಲ್ಲೇದ ಹಬ್ಬದಾಗ ಆಕೀಗೆ ನೂರೆಂಟು ಪಲ್ಲೆ ಎಡೆ ಹಿಡೀತೀವಿ. ಸೊಸಿಗೆ ಎರಡು ಮಾಡಿ ಹಾಕಾಕ ಆಗಲಿಲ್ಲಲ್ಲ," ಎಂದಳಂತೆ ನಾಗವ್ವ. ಗ್ರಹಣದ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ. ಆದರೆ ಮತ್ತೆ ಆಡಲೂ ಇಲ್ಲ. ಸೊಪ್ಪನ್ನು ಬಹಳ ಹೊತ್ತು ಕುದಿಸಬೇಡಿರಿ, ಸತ್ವ ನೀರಿನ ಪಾಲಾಗುತ್ತದೆ ಎಂದದ್ದನ್ನು ಮಾತ್ರ ಓಣಿಯ ಹೆಂಗಸರಿಗೆಲ್ಲ ತಾನೇ ಕಂಡುಹಿಡಿದವಳಂತೆ ಹೇಳಿಕೊಂಡು ತಿರುಗಿದಳು.

ಡಾಕ್ಟರು ಹೇಳಿದ ಮೇಲೆಯೇ ಅವರು ಇನ್ನೊಂದು ಮಗುವಿನ ಯೋಚನೆ ಮಾಡಿದ್ದು. ಬನವ್ವ ಹೆಚ್ಚಿನ ಪ್ರಮಾಣದ ಗುಳಿಗೆಯನ್ನು ತಿಂಗಳುಗಳ ಮೊದಲೇ ನುಂಗುತ್ತಿದ್ದಳು. ಬಸಿರು ಗೊತ್ತಾದ ದಿನ ಅವಳಿಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚು.

"ಈ ಸಲ ಖಾತ್ರಿ ಏನ್ರೀ ಬಾಯಾರ?"

"ಖಾತ್ರಿ ಅಂತ ಹೇಳಿದ್ರ ಸುಳ್ಳಾಗತೈತಿ. ಅಪಾಯ ಭಾಳ ಕಡಿಮಿ ಆಗತೈತಿ, ಅಷ್ಟ ನಾ ಬಲ್ಲೆ."

ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿಸುವ ದಿನ ಆಸ್ಪತ್ರೆಯಲ್ಲಿ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ. ಇಮಾಮಸಾಬರು ಒಂದೇ ಸ್ಲೈಡನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ಮಧ್ಯಾಹ್ನ ಫೋನು ರಿಂಗಣಿಸಿತು. ಡಾಕ್ಟರು ಎತ್ತಿದರು. ಆಚೆಯಿಂದ ಮಾಗುಂಡಪ್ಪ ಎಷ್ಟು ಜೋರಾಗಿ ಕೂಗಿದನೆಂದರೆ ಹಲಗೆಯ ಈಚೆ ನನಗೂ ಕೇಳಿಸಿತು.

"ಕೂಡೈತ್ರೀ! ಮ್ಯಾಲಿಂದ ತಳದ ಮಟಾ ಕೂಡೈತಿ ಅಂತ್ರೀ ಬೆನ್ನು!"

ಡಾಕ್ಟರು ಫೋನಿಟ್ಟು ಬಂದು ನನ್ನ ಮುಂದೆ ಕುಳಿತರು. ನೋಡಲು ಸ್ಲೈಡಿರಲಿಲ್ಲ. ಆದರೂ ಕಣ್ಣಿಟ್ಟು ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದರು.

ಹೆಣ್ಣು ಹುಟ್ಟಿತು. ಹೊಕ್ಕುಳಬಳ್ಳಿಯಿಂದ ತೆಗೆದ ಹನಿ ನನ್ನ ಕೆಳಗೂ ಬಂತು. ಹಸುಗೂಸಿನ ರಕ್ತ ದಟ್ಟ. ಕಣ್ಣಿಗೆ ಹಬ್ಬ. ಬನವ್ವ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿನ ಮೇಲೆ ಬೆರಳಾಡಿಸುತ್ತ ಕೂತಿರುತ್ತಿದ್ದಳಂತೆ. ಯಾರು ಕರೆದರೂ ಅವಳಿಗೆ ಕೇಳುತ್ತಿರಲಿಲ್ಲ ಎಂದು ನರ್ಸಮ್ಮ ನಗುತ್ತಿದ್ದಳು. ಮಗಳು ಓಡಾಡುವಷ್ಟಾದ ಮೇಲೆ ಆ ಸಂಸಾರ ಇಳಕಲ್ಲಿಗೆ ಹೋಯಿತು. ಅಲ್ಲಿ ಬನವ್ವ ಬೇರೆ ಹೆಂಗಸರಿಗೆ ನೇಕಾರಿಕೆ ಕಲಿಸುತ್ತಾಳೆ, ತನಗೆ ಮೂರ್ಛೆ ಇರುವುದನ್ನು ಮೊದಲ ದಿನವೇ ಅವರಿಗೆ ಹೇಳಿಬಿಡುತ್ತಾಳೆ ಎಂದು ಕೇಳಿದ್ದೇನೆ.

ನನ್ನ ದಿನಗಳೂ ಸರಿದವು. ಇಮಾಮಸಾಬರ ತಾಯಿಗೆ ಕೀಲುಬಾವು ಬಂದು, ವಾರಕ್ಕೊಮ್ಮೆ ಒಂದು ಕಟುವಾದ ಮಾತ್ರೆ ಶುರುವಾಯಿತು. ಅದು ಫೋಲಿಕ್ ಆಮ್ಲದ ಕೈಕಟ್ಟಿ ಬಾವು ಇಳಿಸುವ ಮದ್ದು. ಆ ಮಾತ್ರೆಯಿಂದ ಬಾಯಿ ಹುಣ್ಣಾಗದಿರಲೆಂದು ಬೇರೊಂದು ದಿನ ಹಳದಿ ಗುಳಿಗೆ. "ಒಂದು ಕಟ್ಟಿಹಾಕೂದು, ಇನ್ನೊಂದು ಬಿಚ್ಚೂದು. ನಿಮ್ಮ ಡಾಕ್ಟರಕಿ ಅತ್ತಿ ಸೊಸಿ ಸಂಸಾರ ಆತಲ್ಲೋ," ಎಂದು ಮುದುಕಿ ಮಗನನ್ನು ಗೇಲಿ ಮಾಡುತ್ತಿದ್ದಳು. ಕೀಲುಗಳ ಬಾವು ಇಳಿದು ಅವಳ ಕೈ ಮತ್ತೆ ರೊಟ್ಟಿ ಬಡಿಯುವಷ್ಟಾಯಿತು.

ಬಳಿಕ ಕಣಗಳನ್ನು ತಾನೇ ಎಣಿಸುವ ಯಂತ್ರ ಬಂತು. ಡಾಕ್ಟರಿಗೂ ವಯಸ್ಸಾಗಿ ಆಸ್ಪತ್ರೆ ಬೇರೆಯವರ ಕೈಗೆ ಹೋಯಿತು. ಹೋಗುವ ಮೊದಲು ಅವರು ನನ್ನನ್ನು ಹತ್ತಿರದ ಹಳ್ಳಿಯ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಕೊಟ್ಟರು.

ಇಲ್ಲಿ ನನ್ನ ಕೆಲಸ ಕಡಿಮೆ. ಮಳೆಗಾಲದ ಥಂಡಿಗೆ ಗಾಜುಗಳಲ್ಲಿ ಬೂಷ್ಟು ಹಿಡಿದು ನೋಟ ಮಂಜಾಗಿದೆ. ಹುಡುಗಿಯರಿಗೆ ವಾರಕ್ಕೊಂದು ದಿನ, ಊಟವಾದ ಮೇಲೆ, ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿದ ನೀಲಿ ಮಾತ್ರೆ ಕೊಡುತ್ತಾರೆ. ಒಂದು ಸಲ ಮುತ್ತವ್ವ ಎಂಬ ಹುಡುಗಿ ಬಾಯಿಗೆ ಹಾಕಿಕೊಂಡಂತೆ ಮಾಡಿ, ನೀರು ಕುಡಿದು, ಒಳಗೆ ಬಂದು ಮಾತ್ರೆಯನ್ನು ನನ್ನ ಮುಸುಕಿನ ಕೆಳಗೆ ತುರುಕಿದಳು. ಅವಳನ್ನು ನೋಡಿ ಉಳಿದವರೂ ಹಾಗೇ ಮಾಡತೊಡಗಿದರು. ವಿಜ್ಞಾನದ ಟೀಚರು ಪಾಠಕ್ಕೆಂದು ಮುಸುಕು ತೆಗೆದಾಗ ನನ್ನ ಪಾದದ ಸುತ್ತ ನೀಲಿ ಮಾತ್ರೆಗಳ ರಾಶಿ.

"ಯಾರದು ಈ ಕೆಲಸ?" ಟೀಚರು ಬೈಯಲಿಲ್ಲ. "ಯಾಕ ನುಂಗಂಗಿಲ್ಲ? ಅದನ್ನಾರ ಹೇಳ್ರಿ."

ಮುತ್ತವ್ವ ಎದ್ದು ನಿಂತಳು. "ಅದನ್ನ ನುಂಗಿದ್ರ ಮುಂದ ಮಕ್ಕಳಾಗಂಗಿಲ್ಲಂತ್ರೀ ಅಕ್ಕಾರ. ಓಣ್ಯಾಗ ಎಲ್ಲಾರೂ ಅಂತಾರ."

ಆಗ ನನಗೆ ಬಾಯಿ ಇಲ್ಲದ್ದರ ಸಂಕಟ ಮೊದಲ ಸಲ ಗೊತ್ತಾಯಿತು. ಈ ಕಣ್ಣಿನಿಂದ ನಾನು ಏನು ಕಂಡಿದ್ದೇನೆಂದು ಹೇಳುವುದು ಹೇಗೆ? ಟೀಚರು ತಮ್ಮ ಮೂರು ವರ್ಷದ ಮಗನನ್ನು ಅಂಗನವಾಡಿಯಿಂದ ಕರೆಸಿ ಮೇಜಿನ ಮೇಲೆ ಕೂರಿಸಿದರು. "ಇಂವಾ ಹೊಟ್ಟ್ಯಾಗ ಬರೂಕಿಂತ ಮೊದಲ ನಾ ತಿಂಗಳಗಟ್ಟಲೆ ಇದನ್ನ ನುಂಗೀನಿ. ಇಂವಾ ಹೊಟ್ಟ್ಯಾಗಿದ್ದಾಗೂ ನುಂಗೀನಿ. ಈಗ ನೋಡಿ ಹೇಳ್ರಿ, ಮಕ್ಕಳಾಗಂಗಿಲ್ಲ ಅಂದವರು ಯಾರು?" ಆ ಪೋರ ಎಲ್ಲರನ್ನೂ ಒಮ್ಮೆ ನೋಡಿ, ಕೈಚಾಚಿ ನನ್ನ ಕನ್ನಡಿಯನ್ನು ಗರ್ರನೆ ತಿರುಗಿಸಿದ. ಬೆಳಕು ಸೂರಿನ ತುಂಬ ಕುಣಿಯಿತು. ಹುಡುಗಿಯರು ನಕ್ಕರು. ನಗು ಶುರುವಾದ ಮೇಲೆ ಹೆದರಿಕೆ ಬಹಳ ಹೊತ್ತು ನಿಲ್ಲುವುದಿಲ್ಲ.

ಈಗ ನನಗೆ ಸರಿಯಾಗಿ ಕಾಣುವುದಿಲ್ಲ. ಇಷ್ಟು ಕಾಲ ನಾನು ಕಂಡದ್ದಾದರೂ ಹನಿಗಳನ್ನು. ಮನುಷ್ಯರನ್ನು ಇಡಿಯಾಗಿ ಕಂಡದ್ದೇ ಇಲ್ಲ. ಆದರೂ ಅವರ ಒಳಗೆ ಎಷ್ಟು ಸಣ್ಣ ಕೊರತೆ ಎಷ್ಟು ದೊಡ್ಡ ದುಃಖವಾಗುತ್ತದೆಂದು ಬಲ್ಲೆ. ಅದನ್ನು ತುಂಬುವುದು ಎಷ್ಟು ಸುಲಭವೆಂದೂ ಬಲ್ಲೆ. ಸೋಮವಾರ ಮಧ್ಯಾಹ್ನ ತಟ್ಟೆಗಳ ಸದ್ದು ನಿಂತ ಮೇಲೆ, ಹೊರಗಿನ ಕಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗುವುದನ್ನು ಕಾಯುತ್ತ ನಾನು ಕಿಟಕಿಯ ಮೂಲೆಯಲ್ಲಿ ಕೂತಿರುತ್ತೇನೆ. "ಬಾಯಿ ತೆಗೀರಿ, ನೋಡೂಣು," ಎನ್ನುತ್ತಾರೆ ಟೀಚರು. "ನುಂಗೀನ್ರೀ ಅಕ್ಕಾರ!" ಎಂದು ಎಲ್ಲರಿಗಿಂತ ಜೋರಾಗಿ ಕೂಗುವವಳು ಮುತ್ತವ್ವ.